ಮಸಾಯಿ ಮಾರಾ ಫೋಟೊ ಟೂರ್‌ನವರಿಂದ ಲೆನ್ಸ್ ಬಾಡಿಗೆಗೆ ತಗೊಳ್ಳೋ ಮುಂಚೆ ಇದನ್ನ ಓದಿ

ವೈಲ್ಡ್‌ಬೀಸ್ಟ್ (ದನದಂಥ ಕಾಡುಪ್ರಾಣಿ) ವಲಸೆ ನೋಡೋಕೆ ಈ ಸಲ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೊರಡೋರು ದಯವಿಟ್ಟು ಪೂರ್ತಿ ಓದಿ. ನಮಗಾದದ್ದು ಇನ್ಯಾರಿಗೂ ಆಗಬಾರದು.

ಬೆಂಗಳೂರಿನ ಒಬ್ಬ ಫೋಟೊ ಟೂರ್ ಆಯೋಜಕನ ಮೂಲಕ ನಾನೂ ನನ್ನ ಹೆಂಡತಿಯೂ ಹೋಗಿದ್ವಿ. ಹೆಸರು ಹಾಕಲ್ಲ. ನನ್ನ ಹತ್ರ 100-400 ಎಂಎಂ ಜೂಮ್ ಲೆನ್ಸ್ ಇದೆ, ಕಬಿನಿಯಲ್ಲಿ ವರ್ಷಗಟ್ಟಲೆ ಅದರಲ್ಲೇ ತೆಗೆದಿದ್ದೀನಿ. "ಅದು ಮಾರಾಗೆ ಸಾಲಲ್ಲ ಸಾರ್, 600 ಪ್ರೈಮ್ ಇಲ್ದೆ ಹೋದ್ರೆ ನೀರಲ್ಲಿ ಹೋಮ ಮಾಡಿದ ಹಾಗೆ" ಅಂದ ಆಯೋಜಕ. 600 ಪ್ರೈಮ್ ಅಂದ್ರೆ ಜೂಮ್ ಇಲ್ಲದ, 600 ಎಂಎಂನ ದೊಡ್ಡ ಲೆನ್ಸ್. ಅವನದ್ದೇ ಲೆನ್ಸ್, ಅವನದ್ದೇ ಹಾರ್ಡ್ ಕೇಸ್, ಬಾಡಿಗೆ ಪೂರ್ತಿ ಮುಂಗಡ.

ನೈರೋಬಿಯ ವಿಲ್ಸನ್ ಏರ್‌ಪೋರ್ಟಿಂದ ಮಾರಾಗೆ ಹೋಗೋ ಸಣ್ಣ ವಿಮಾನದಲ್ಲಿ ತಲೆಗೆ 15 ಕೆಜಿ, ಕ್ಯಾಮೆರಾ ಬ್ಯಾಗೂ ಸೇರಿ, ಮೆತ್ತನೆ ಬ್ಯಾಗೇ ಆಗಬೇಕು ಅಂತ ಓದಿದ್ದೆ. ಕೇಳಿದೆ. ಮತ್ತೆ ಕೇಳಿದೆ. ಅವನ ಉತ್ತರ ವಾಟ್ಸ್ಆ್ಯಪ್‌ನಲ್ಲಿ ಈಗಲೂ ಇದೆ: "ಕ್ಯಾಮೆರಾ ಲೆಕ್ಕಕ್ಕಿಲ್ಲ ಸಾರ್. ನಾನು ಮಾತಾಡಿದ್ದೀನಿ. ನೀವು ಟೆನ್ಶನ್ ತಗೋಬೇಡಿ."

ವಿಲ್ಸನ್‌ನಲ್ಲಿ ಎಲ್ಲಾನೂ ತಕ್ಕಡಿ ಮೇಲಿಟ್ಟರು. ಕುತ್ತಿಗೆಯಲ್ಲಿದ್ದ ಕ್ಯಾಮೆರಾನೂ ಬಿಡಲಿಲ್ಲ. ಹಾರ್ಡ್ ಕೇಸ್ ವಿಮಾನದ ಹೊಟ್ಟೆಗೆ ಹಿಡಿಸಲ್ಲ, ಸಾಧ್ಯವೇ ಇಲ್ಲ ಅಂದ್ರು. ದುಡ್ಡು ಕೊಟ್ಟು ಇನ್ನೊಂದು ಸೀಟ್ ತಗೊಳ್ಳೋಣ ಅಂದ್ರೆ ವಿಮಾನ ಫುಲ್. ಹಿಂದೆ ಸಾಲು ನಿಂತಿದೆ, ನನ್ನ ಹೆಂಡತಿ ನೆಲದ ಮೇಲೆ ಬ್ಯಾಗ್ ಬಿಚ್ಚಿ ಬಟ್ಟೆ ಒಂದೊಂದೇ ತೆಗೆದು ಹಾಕ್ತಿದ್ದಾಳೆ, ಎಲ್ಲರೂ ನೋಡ್ತಿದ್ದಾರೆ. ಆ ಅವಮಾನ ನಾನು ಮರೆಯಲ್ಲ. ಆಯೋಜಕನ ಕಡೆಯ ಹುಡುಗ ಬಂದು "ಲೆನ್ಸ್ ಬಿಟ್ಟು ಹೋಗಿ ಸಾರ್, ನಾರೋಕ್ ರಸ್ತೆಯಲ್ಲಿ ಕಳಿಸ್ತೀವಿ, ನಾಳೆ ಬೆಳಿಗ್ಗೆ ಕ್ಯಾಂಪಲ್ಲಿರುತ್ತೆ" ಅಂದ.

ಬರಲಿಲ್ಲ. ಕೇಳಿದ್ರೆ ರೋಡ್ ಸರಿಯಿಲ್ಲ. ಮತ್ತೆ ಕೇಳಿದ್ರೆ ಡ್ರೈವರ್‌ಗೆ ಹುಷಾರಿಲ್ಲ.

ಆಮೇಲೆ ಮಾರಾ ನದಿ ದಂಡೆಯಲ್ಲಿ ಕ್ರಾಸಿಂಗ್‌ಗೆ, ಅಂದ್ರೆ ವೈಲ್ಡ್‌ಬೀಸ್ಟ್‌ಗಳು ನದಿ ದಾಟೋದಕ್ಕೆ, ಕಾಯ್ತಿದ್ವಿ. ಗಾಡಿಗಳು ಒತ್ತೊತ್ತಾಗಿ ನಿಂತಿದ್ವು. ಪಕ್ಕದ ಗಾಡಿಯಲ್ಲಿ ಕನ್ನಡ ಕೇಳಿಸ್ತು, ಖುಷಿಯಿಂದ ತಿರುಗಿದೆ. ಅವರ ಕೈಲಿ ಒಂದು 600. ಅದರ ತುದಿಯ ಹುಡ್ ಮೇಲೆ ನೀಲಿ ಟೇಪ್. ಬೇರೆಯವರದ್ದರ ಜೊತೆ ಅದಲು ಬದಲಾಗದಿರಲಿ ಅಂತ ನನ್ನ ಹೆಂಡತಿ ಮನೆಯಲ್ಲಿ ಅಂಟಿಸಿದ್ದ ಟೇಪ್! ಅವರು ಅದೇ ಆಯೋಜಕನ ಇನ್ನೊಂದು ಗುಂಪು, ನೈರೋಬಿಯಿಂದ ರಸ್ತೆಯಲ್ಲಿ ಬಂದವರು. ಅವರದ್ದೇನೂ ತಪ್ಪಿಲ್ಲ, ಅವರೂ ಬಾಡಿಗೆ ಕೊಟ್ಟಿದ್ರು. ಒಂದೇ ಲೆನ್ಸ್, ಎರಡು ಬಾಡಿಗೆ. ಅಷ್ಟರಲ್ಲಿ ವೈಲ್ಡ್‌ಬೀಸ್ಟ್‌ಗಳು ನೀರಿಗೆ ಬಿದ್ವು. ನನ್ನ ಕಣ್ಣು ಆ ಟೇಪಿನ ಮೇಲೇ ಇತ್ತು.

ರಾತ್ರಿ ಫೋನ್ ಮಾಡಿದೆ. ಅವನ ಮಾತು ಹಾಗೇ ಬರೀತಿದ್ದೀನಿ: "ಸುಮ್ನೆ ಬಿದ್ದಿರೋದ್ಯಾಕೆ ಅಂತ ಕೊಟ್ವಿ ಸಾರ್. ನಿಮಗೇನು ಲಾಸ್?" ಬಾಡಿಗೆ ವಾಪಸ್ ಕೊಡಿ ಅಂದೆ. "ಬುಕಿಂಗ್ ನಿಮ್ಮ ಹೆಸರಲ್ಲೇ ಇತ್ತಲ್ಲ, ರೀಫಂಡ್ ಹೇಗೆ ಬರುತ್ತೆ?" ವಿಲ್ಸನ್ ವಿಷಯ ಎತ್ತಿದ್ರೆ "ಅದು ಏರ್‌ಲೈನ್ ರೂಲ್ಸ್, ನಮ್ಮ ಕೈಲಿಲ್ಲ." ಹಾಗಾದ್ರೆ ಮಾತಾಡಿದ್ದೀನಿ ಅಂದದ್ದು ಯಾರ ಹತ್ರ? ಅದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಇನ್ನೂ ಉರಿಯೋದು ಏನಂದ್ರೆ, ಆ 600 ಬೇಕೇ ಇರಲಿಲ್ಲ. ಮಾರಾದಲ್ಲಿ ಸಿಂಹಗಳು ಗಾಡಿ ನೆರಳಿಗೇ ಬಂದು ಮಲಗ್ತವೆ. ಆನೆ, ಜಿರಾಫೆ ಹತ್ರ ಬಂದ್ರೆ 400ರಲ್ಲೂ ಫ್ರೇಮಿಗೆ ಹಿಡಿಸಲ್ಲ. 100-400 ಅಥವಾ 200-600 ಒಂದು, ಇನ್ನೊಂದು ಕ್ಯಾಮೆರಾಗೆ ಚಿಕ್ಕ ಲೆನ್ಸ್ ಹಾಕಿಟ್ಕೊಳ್ಳಿ. ಆ ಧೂಳಲ್ಲಿ ಲೆನ್ಸ್ ಬದಲಾಯಿಸೋಕೆ ಹೋಗ್ಬೇಡಿ. ಟ್ರೈಪಾಡ್ ಗಾಡಿಯೊಳಗೆ ಬಿಚ್ಚೋಕೂ ಜಾಗ ಇಲ್ಲ. ಲೆನ್ಸ್ ಊರಿಡೋ ಬೀನ್ ಬ್ಯಾಗ್ ಖಾಲಿ ತಗೊಂಡು ಹೋಗಿ, ಕ್ಯಾಂಪಲ್ಲಿ ಅಕ್ಕಿ ತುಂಬಿಸಿಕೊಳ್ಳಿ. ಕ್ಯಾಮೆರಾಗೆ ಧೂಳು ಬೀಳದ ಹಾಗೆ ಹೊದಿಸೋಕೆ ದಿಂಬಿನ ಕವರ್ ಸಾಕು. ಆಯೋಜಕನ ಪಟ್ಟಿಯಲ್ಲಿ "ಪ್ಲಾಸ್ಟಿಕ್ ಕವರ್ ತನ್ನಿ" ಅಂತಿತ್ತು, ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ! ಹೆಚ್ಚುವರಿ ಬ್ಯಾಟರಿ ವಿಮಾನದೊಳಗೆ ಜೊತೆಗಿಟ್ಕೊಳ್ಳೋ ಬ್ಯಾಗಲ್ಲೇ ಇರಲಿ, ಚಾರ್ಜರ್‌ಗೆ ಚೌಕ ಮೂರು ಪಿನ್ನಿನ ಅಡಾಪ್ಟರ್ ಬೇಕು.

15 ಕೆಜಿ ವಿಷಯ ಆಯೋಜಕನ ಬಾಯಿಂದಲ್ಲ, ವಿಮಾನದವರಿಂದಲೇ ಬರಹದಲ್ಲಿ ತಗೊಳ್ಳಿ. ಬಾಡಿಗೆ ಲೆನ್ಸ್ ಆದ್ರೆ ಬಿಲ್ಲಲ್ಲಿ ಸೀರಿಯಲ್ ನಂಬರ್ ಇರಲೇಬೇಕು. ನಮ್ಮ ಬಿಲ್ಲಲ್ಲಿ ಅದನ್ನ ಹಾಕೇ ಇರಲಿಲ್ಲ. ಯಾಕೆ ಹಾಕಿರಲಿಲ್ಲ ಅಂತ ನದಿ ದಂಡೆಯಲ್ಲಿ ಗೊತ್ತಾಯ್ತು.