ಎಲುಬಿನ ಕೆತ್ತನೆ ಕಲಿಯುವವರೇ, ‘ರೆಡಿ ಎಲುಬು’ ಕೊಳ್ಳುವ ಮುಂಚೆ ಇದನ್ನು ಓದಿ

‘ಕೆತ್ತನೆಗೆ ರೆಡಿ’ ಅಂತ ಆನ್‌ಲೈನ್‌ನಲ್ಲಿ ಮಾರುವ ಎಲುಬಿನ ತುಂಡುಗಳನ್ನು ದಯವಿಟ್ಟು ವಿಚಾರಿಸದೆ ಕೊಳ್ಳಬೇಡಿ. ಮಾರುವವರು ಮುಂದೆ ‘ಜಿಂಕೆ ಕೊಂಬೂ ಇದೆ, ಬೇಕಾ’ ಅಂತ ಕೇಳಿದರೆ ಅಲ್ಲಿಗೇ ವ್ಯವಹಾರ ಮುಗಿಸಿ. ನನಗೆ ಎರಡೂ ಆಯಿತು.

ಹುಬ್ಬಳ್ಳಿಯಲ್ಲಿ ಈ ಕಲೆ ಕಲಿಸುವವರು ನನಗೆ ಸಿಗಲಿಲ್ಲ. ನ್ಯೂಜಿಲೆಂಡಿನ ಮಾವೋರಿ ಜನರ ಕೆತ್ತನೆಯ ವಿಡಿಯೋ ನೋಡಿ ಮನಸ್ಸು ಸೋತಿತ್ತು. ಮೀನಿನ ಗಾಳದ ಆಕಾರದ ಪದಕ, ಅದಕ್ಕೆ ಅವರು ‘ಹೇ ಮಟಾವ್’ ಅನ್ನುತ್ತಾರೆ. ಹಿಂದೆ ತಿಮಿಂಗಿಲದ ಎಲುಬಿನಲ್ಲಿ ಮಾಡುತ್ತಿದ್ದರು, ಈಗ ಹೆಚ್ಚಾಗಿ ದನದ ಎಲುಬು ಬಳಸುತ್ತಾರೆ. ನಮ್ಮ ದೇಶದಲ್ಲೂ ಲಖನೌದಲ್ಲಿ, ಸಂಭಲ್‌ನಲ್ಲಿ ಎಲುಬು, ಕೊಂಬಿನ ಕೆಲಸ ಮಾಡುವ ಮನೆತನಗಳಿವೆ. ಆನೆದಂತದ ಮಾರಾಟ ನಿಂತ ಮೇಲೆ ಲಖನೌದ ಕುಶಲಕರ್ಮಿಗಳ ಕೈಗೆ ಉಳಿದದ್ದು ಎಲುಬೇ. ಒಳ್ಳೆಯ ಕಲೆ ಇದು. ಅದಕ್ಕೇ ಹೊಸಬರು ಮೊದಲ ಹೆಜ್ಜೆಯಲ್ಲೇ ಮೋಸ ಹೋಗಬಾರದು ಅಂತ ಬರೆಯುತ್ತಿದ್ದೇನೆ.

ನಾನು ಆನ್‌ಲೈನ್‌ನಲ್ಲಿ ತುಂಡು ತರಿಸಿದ ಮಾರಾಟಗಾರ ಫೋನಿನಲ್ಲಿ ಹೇಳಿದ್ದು ಹೀಗೆ: “ಅಕ್ಕಾರ, ಎಮ್ಮಿ ಕಾಲಿನ ಎಲುಬು. ತೊಳದು ಬೆಳ್ಳಗ ಮಾಡೇ ಕಳಸ್ತೀವಿ. ನೀವು ಸುಮ್ನ ಕೆತ್ತೂದ ಅಷ್ಟ.” ಬಂದ ತುಂಡುಗಳು ನಿಜಕ್ಕೂ ಬೆಳ್ಳಗಿದ್ದವು. ಸೀಮೆಸುಣ್ಣದ ಹಾಗೆ. ಮೊದಲ ತುಂಡಿಗೆ ಡ್ರಿಲ್‌ನ ಚಿಕ್ಕ ಬಿಟ್ ತಾಗಿಸಿದೆ, ಉದ್ದಕ್ಕೆ ಸೀಳಿ ಒಂದು ಚೂರು ಹಾರಿ ಕನ್ನಡಕದ ಕೆಳಗೆ ಕೆನ್ನೆಗೆ ಚುಚ್ಚಿತು. ಕನ್ನಡಕ ಇಲ್ಲದಿದ್ದರೆ ಏನಾಗುತ್ತಿತ್ತೋ. ಎರಡನೆಯದು ಅರ ಹಾಕುವಾಗಲೇ ಪುಡಿಪುಡಿಯಾಯಿತು. ಉಳಿದವನ್ನು ಎತ್ತಿಟ್ಟಿದ್ದೆ. ಮಳೆ ಹಿಡಿದ ಮೇಲೆ ಅವು ಎಣ್ಣೆ ಬೆವರಿ, ಕಪಾಟು ತೆಗೆದರೆ ಹಳೆ ಕೊಬ್ಬಿನ ನಾತ.

ಕಾರಣ ಆಮೇಲೆ ಗೊತ್ತಾಯಿತು. ಎಲುಬು ಬರೀ ಸುಣ್ಣ ಅಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಉಳಿದದ್ದರಲ್ಲಿ ಬಹುಪಾಲು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್, ಜೊತೆಗೆ ಸ್ವಲ್ಪ ನೀರು. ಎಲುಬಿಗೆ ಬಾಗುವ ಗುಣ, ಬಿಗಿ ಎಲ್ಲಾ ಆ ನಾರಿನಿಂದಲೇ. ಬ್ಲೀಚಿಂಗ್ ಪೌಡರ್‌ನಲ್ಲಿ ನೆನೆಸಿದರೆ ಕ್ಲೋರಿನ್ ಆ ನಾರನ್ನೇ ತಿನ್ನುತ್ತದೆ. ನೋಡಲು ಬೆಳ್ಳಗೆ, ಒಳಗೆ ಪೊಳ್ಳು. ಬಿಳಿ ಮಾಡುವ ಮೊದಲು ಕೊಬ್ಬು ತೆಗೆಯಬೇಕು, ಆ ಕೆಲಸಕ್ಕೆ ವಾರಗಟ್ಟಲೆ ಬೇಕು. ಅದನ್ನು ಬಿಟ್ಟು ಬರೀ ಬಿಳಿ ಮಾಡಿ ಕಳಿಸಿದ್ದರು.

ಹಾಗಾಗಿ ಕೊಳ್ಳುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಕೊಬ್ಬು ಹೇಗೆ ತೆಗೆದಿರಿ, ಬಿಳಿ ಮಾಡಲು ಏನು ಹಾಕಿದಿರಿ. ‘ಬ್ಲೀಚಿಂಗ್’ ಅಂದರೆ ಬೇಡವೇ ಬೇಡ. ಉತ್ತರ ಹಾರಿಸಿದರೂ ಬೇಡ. ತುಂಡು ಕೈಗೆ ಬಂದ ಮೇಲೆ ಕಪ್ಪು ಬಟ್ಟೆಗೆ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ ಕೆತ್ತಬೇಡಿ. ಹಳದಿ ಮಚ್ಚೆ ಕಂಡರೆ ಒಳಗೆ ಜಿಡ್ಡು ಉಳಿದಿದೆ ಅಂತ ಅರ್ಥ.

ಅದಕ್ಕಿಂತ ಮಾಂಸದ ಅಂಗಡಿಯಿಂದ ಕಾಲಿನ ಎಲುಬು ತಂದು ನೀವೇ ಸ್ವಚ್ಛ ಮಾಡುವುದು ಎಷ್ಟೋ ಮೇಲು. ಎರಡೂ ತುದಿ ಕತ್ತರಿಸಿ ಮಜ್ಜೆ ತೆಗೆಯಿರಿ. ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿಡಿ. ಕೊತಕೊತ ಕುದಿಸಬೇಡಿ. ಆಮೇಲೆ ಸೋಪಿನ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಮೇಲೆ ಜಿಡ್ಡು ತೇಲುವುದು ನಿಲ್ಲುವ ತನಕ ನೀರು ಬದಲಿಸುತ್ತಾ ಇರಿ. ಬಿಳಿ ಬೇಕಿದ್ದರೆ ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಡಬ್ಬಿಯ ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಬರುತ್ತದೆ. ಒಣಗಿಸುವುದು ನೆರಳಿನಲ್ಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ.

ಧೂಳಿನ ವಿಷಯಕ್ಕೆ ಬರುತ್ತೇನೆ. “ಮಾಸ್ಕ್ ಯಾಕ್ರೀ, ಇದೇನ ಕೆಮಿಕಲ್ಲಾ?” ಅಂದಿದ್ದ ಅದೇ ಮಾರಾಟಗಾರ. ನನಗೆ ಹಿಡಿದ ಒಣ ಕೆಮ್ಮು ಬಹಳ ದಿನ ಬಿಡಲಿಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ‘ಯಾವ ಧೂಳಿನಲ್ಲಿ ಕೆಲಸ ಮಾಡುತ್ತೀರಿ?’ ಎಲುಬಿನ ಸಣ್ಣ ಧೂಳು ಶ್ವಾಸಕೋಶದ ಒಳಗೆ ಇಳಿಯುತ್ತದೆ. ಎನ್‌95 ಮಾಸ್ಕ್ ಹಾಕಿ, ಕರವಸ್ತ್ರ ಸಾಲದು. ಸುತ್ತಲೂ ಮುಚ್ಚಿದ ಕನ್ನಡಕ ಹಾಕಿ. ಅಂಗಳದಲ್ಲಿ ಕೂತು ಮಾಡಿ. ಅರ, ಪಾಲಿಶ್ ಪೇಪರ್ ಕೆಲಸವನ್ನು ನೀರು ಹಚ್ಚಿಕೊಂಡೇ ಮಾಡಿ. ಆದರೆ ಕರೆಂಟಿನ ಡ್ರಿಲ್ ಹಿಡಿದಾಗ ನೀರು ಹತ್ತಿರ ಇರಬಾರದು. ಹೊಲದಲ್ಲೋ ದಾರಿಯಲ್ಲೋ ಬಿದ್ದ ಸತ್ತ ದನದ ಎಲುಬನ್ನಂತೂ ಮುಟ್ಟಬೇಡಿ. ರೈತರು ನೆರಡಿ ರೋಗ ಅನ್ನುವ ಆಂಥ್ರಾಕ್ಸ್‌ನಿಂದ ಅದು ಸತ್ತಿರಬಹುದು, ಮನುಷ್ಯರಿಗೂ ಹರಡುವ ಆ ರೋಗದ ಬೀಜಾಣುಗಳು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತವೆ.

ಇಷ್ಟಾದ ಮೇಲೆ ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ: “ಅಕ್ಕಾರ, ಅದರ ಬದ್ಲಿ ಜಿಂಕಿ ಕೊಂಬು ಕೊಡ್ತೀನಿ. ದಾಂಡೇಲಿ ಕಡೀದು, ತಾನ ಉದುರಿದ್ದು. ಕೆತ್ತಾಕ ಭಾರಿ ಚಲೋ.” ನನಗೆ ನಿಜವಾಗಿ ಭಯವಾದದ್ದು ಆಗ. ಜಿಂಕೆ, ಕಡವೆಗಳ ಕೊಂಬು ವರ್ಷಕ್ಕೊಮ್ಮೆ ಉದುರುವುದು ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ, ಖರೀದಿ ಎರಡೂ ಅಪರಾಧ. ತಾನಾಗಿ ಉದುರಿದ್ದು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. 2023ರಲ್ಲಿ ಹುಲಿ ಉಗುರಿನ ಪದಕ ಹಾಕಿಕೊಂಡವರ ಮೇಲೆ ರಾಜ್ಯದಲ್ಲಿ ಕೇಸಾದದ್ದು ನೆನಪಿದೆ ಅಲ್ವಾ? ಹಾವೇರಿ ಕಡೆಯವರಿಗೆ ಇನ್ನೊಂದು ಮಾತು. ರಾಣೆಬೆನ್ನೂರಿನ ಕೃಷ್ಣಮೃಗಗಳ ಕೊಂಬು ಉದುರುವುದೇ ಇಲ್ಲ. ಯಾರಾದರೂ ಅದನ್ನು ಮಾರಲು ಬಂದರೆ ಅದರ ಹಿಂದೆ ಒಂದು ಸತ್ತ ಪ್ರಾಣಿ ಇದ್ದೇ ಇದೆ.

ಕಳಪೆ ಮಾಲಿನ ದುಡ್ಡಿಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕೊಂಬು, ಉಗುರು, ದಂತ ಮಾರುವವರ ಬಗ್ಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಮೆಸೇಜು, ಬಿಲ್ಲು, ಫೋಟೋ ಯಾವುದನ್ನೂ ಅಳಿಸಬೇಡಿ, ದೂರು ಕೊಡುವಾಗ ಅವೇ ಬೇಕಾಗುತ್ತವೆ.