ಹೆರಿಗೆಗೆ ಮುಂಚೆ ಮನೆ ರಿಪೇರಿಗೆ ಕೈ ಹಾಕುವವರೇ, ಸ್ವಲ್ಪ ತಡೆಯಿರಿ

ನಾನು ಏಳು ತಿಂಗಳ ಬಸುರಿ ಇದ್ದಾಗ ಮನೆ ರಿಪೇರಿ ಶುರು ಮಾಡಿಸಿದೆ. ಮೈಸೂರಿನಲ್ಲಿ ಮಾವ 1984ರಲ್ಲಿ ಕಟ್ಟಿಸಿದ ಮನೆ, ರೆಡ್ ಆಕ್ಸೈಡ್ ನೆಲ, ಗಟ್ಟಿ ಗೋಡೆ, ನಿಜ ಹೇಳಬೇಕೆಂದರೆ ಅದಕ್ಕೆ ಏನೂ ಆಗಿರಲಿಲ್ಲ. ಮೊದಲ ಹೆರಿಗೆ ತವರಿನಲ್ಲಿ ಆಗಿತ್ತು. ಈ ಸಲ ಅಮ್ಮನೇ ಇಲ್ಲಿಗೆ ಬಂದು ಬಾಣಂತನ ಮಾಡುತ್ತೇನೆ ಅಂದಿದ್ದಳು. ಕೋಣೆಗೆ ಹೊಂದಿಕೊಂಡೇ ಒಂದು ಬಚ್ಚಲು ಇದ್ದರೆ ಅವಳಿಗೂ ಸುಲಭ ಅಲ್ವಾ ಅಂತ ನನಗೆ ಅನ್ನಿಸಿತು. ಪಕ್ಕದ ಉಗ್ರಾಣವನ್ನು ಬಚ್ಚಲು ಮಾಡುವುದು, ಕೋಣೆಗೆ ಬಣ್ಣ ಹೊಡೆಸುವುದು, ಇಷ್ಟೇ ಕೆಲಸ.

ಅತ್ತೆ "ಬಸುರಿ ಇರೋ ಮನೇಲಿ ಗೋಡೆ ಒಡೀಬಾರದು ಕಣಮ್ಮ" ಅಂದರು. ನಾನು ನಕ್ಕೆ. ಅವರು ಹೇಳುವ ಕಾರಣ ನನಗೆ ಈಗಲೂ ಒಪ್ಪಿಗೆ ಇಲ್ಲ, ಆದರೆ ಧೂಳು ನೋಡಿದ ಮೇಲೆ ಆ ಮಾತನ್ನು ಮೊದಲು ಆಡಿದವರಿಗೆ ಏನೋ ಗೊತ್ತಿತ್ತು ಅನ್ನಿಸುತ್ತದೆ.

ಧೂಳಿನ ವಿಷಯ ಮೊದಲು ಹೇಳುತ್ತೇನೆ. ಕಿಟಕಿ, ಬಾಗಿಲಿಗೆಲ್ಲ ಹಳೇ ಎನಾಮಲ್ ಪೇಂಟ್ ನಾಲ್ಕೈದು ಪದರ ಇತ್ತು. ಪೇಂಟರ್ ಅದನ್ನು ಒಣ ಸ್ಯಾಂಡ್‌ಪೇಪರ್‌ನಲ್ಲೇ ಉಜ್ಜುತ್ತಿದ್ದ, ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ! ಚೆಕಪ್‌ಗೆ ಹೋದಾಗ ಡಾಕ್ಟರಮ್ಮನಿಗೆ ಸುಮ್ನೆ ಮಾತಿಗೆ ಹೇಳಿದೆ, ಅವರು ಬರೆಯುತ್ತಿದ್ದ ಪೆನ್ ಕೆಳಗಿಟ್ಟರು. ಹಳೇ ಬಣ್ಣಗಳಲ್ಲಿ ಸೀಸ ಇರುತ್ತದಂತೆ, ಅದು ತಾಯಿಯ ರಕ್ತದಿಂದ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದಂತೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ನಮ್ಮ ಕಿಟಕಿಯ ಬಣ್ಣ ಅದಕ್ಕಿಂತ ಎಷ್ಟು ಹಳೆಯದು ಲೆಕ್ಕ ಹಾಕಿ. ರಕ್ತ ಪರೀಕ್ಷೆ ಮಾಡಿಸಿದೆವು, ಪುಣ್ಯಕ್ಕೆ ಏನೂ ಬರಲಿಲ್ಲ. ರಿಪೋರ್ಟ್ ಬರುವವರೆಗಿನ ಆ ಮೂರು ದಿನ ಮಾತ್ರ ಯಾರಿಗೂ ಬೇಡ.

ಇಷ್ಟಾದ ಮೇಲೂ ನಾನು ನಿಲ್ಲಿಸಲಿಲ್ಲ ನೋಡಿ. ಮಗನನ್ನು ಕರೆದುಕೊಂಡು ತವರಿಗೆ ಹೋಗಿ ಅಲ್ಲಿಂದ ಫೋನಿನಲ್ಲೇ ಕೆಲಸ ಮಾಡಿಸಿದೆ. ಅದೇನು ಹುಚ್ಚೋ ಗೊತ್ತಿಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಟೈಲ್ಸ್ ಬಂತಾ, ನಲ್ಲಿ ಯಾವುದು, ಕರ್ಟನ್ ಹೊಲಿಸಿಲ್ಲವಲ್ಲ ಅಂತಲೇ ತಲೆ ಓಡುತ್ತಿತ್ತು. ಗಂಡ "ಮಗು ಬಂದು ಮೊದಲು ಬಚ್ಚಲು ನೋಡುತ್ತಾ?" ಅಂದದ್ದಕ್ಕೆ ಒಂದು ದಿನ ಪೂರ್ತಿ ಮಾತು ಬಿಟ್ಟಿದ್ದೆ.

ಮೇಸ್ತ್ರಿ ಸರಿಯಾಗಿಯೇ ಹೇಳಿದ್ದರು. ಗಾರೆಗೆ ಏಳು ದಿನ ನೀರು ಹಾಕಬೇಕು, ಆಮೇಲೆ ಒಣಗಲು ಬಿಡಬೇಕು, ಮಳೆಗಾಲ ಬೇರೆ, ಕಡೇಪಕ್ಷ ಒಂದು ತಿಂಗಳು ಪುಟ್ಟಿಗೆ (ಬಣ್ಣಕ್ಕೆ ಮುಂಚೆ ಗೋಡೆ ನುಣುಪು ಮಾಡಲು ಬಳಿಯುವ ಪದರಕ್ಕೆ) ಕೈ ಹಾಕಬೇಡಿ ಮೇಡಂ ಅಂತ. ನಾನು ಕ್ಯಾಲೆಂಡರ್ ನೋಡಿದೆ. ಡ್ಯೂ ಡೇಟ್ ಆಗಸ್ಟ್ ಎರಡನೇ ವಾರ. ಬೇಗ ಮುಗಿಸಿದರೆ ಹತ್ತು ಸಾವಿರ ಜಾಸ್ತಿ ಕೊಡುತ್ತೇನೆ ಅಂತ ಕಂಟ್ರಾಕ್ಟರ್‌ಗೆ ಹೇಳಿದೆ. ಅವನು ಬೇಡ ಅನ್ನುತ್ತಾನಾ? ಹನ್ನೆರಡನೇ ದಿನಕ್ಕೆ ಪುಟ್ಟಿ, ಪ್ರೈಮರ್, ಬಣ್ಣ ಎಲ್ಲ ಮುಗಿದೇ ಹೋಯಿತು. ಅಷ್ಟೇ ಅಲ್ಲ, ಬಚ್ಚಲ ಗೋಡೆಯೊಳಗೆ ಸಿಪಿವಿಸಿ ಪೈಪ್ (ಬಿಸಿನೀರಿಗೂ ಆಗುವ ಪ್ಲಾಸ್ಟಿಕ್ ಪೈಪ್) ಕೂರಿಸಿದ ದಿನವೇ ಅದನ್ನು ಮುಚ್ಚಿ ಮಾರನೇ ದಿನ ಟೈಲ್ಸ್ ಹಾಕಿಬಿಟ್ಟಿದ್ದರು. ಪೈಪಿನಲ್ಲಿ ನೀರು ತುಂಬಿಸಿ, ಪಂಪಿನಿಂದ ಒತ್ತಡ ಕೊಟ್ಟು, ಎಲ್ಲಾದರೂ ಸೋರುತ್ತದಾ ಅಂತ ನೋಡಿ ಆಮೇಲೆ ಗೋಡೆ ಮುಚ್ಚಬೇಕಂತೆ. ನಾನು ಕೇಳಲಿಲ್ಲ, ಅವನೂ ಮಾಡಲಿಲ್ಲ. ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ದುಡ್ಡು ಅವನ ಕೈ ಸೇರಿತ್ತು, ಅದೂ ನಾನೇ ಗಂಡನಿಗೆ ಹೇಳಿ ಕೊಡಿಸಿದ್ದು.

ಮಗಳು ಹುಟ್ಟಿದಳು. ಮನೆಗೆ ಬಂದಾಗ ಕೋಣೆ ಏನು ಚೆನ್ನಾಗಿತ್ತು ಅಂತೀರಿ, ತಿಳಿ ಹಳದಿ ಬಣ್ಣ, ತೊಟ್ಟಿಲು, ಎಲ್ಲ. ಒಂಬತ್ತನೇ ದಿನ ತೊಟ್ಟಿಲ ಹಿಂದಿನ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಕೈ ಇಟ್ಟರೆ ಹಪ್ಪಳದ ಹಾಗೆ ಕಿತ್ತು ಬಂತು, ಒಳಗೆಲ್ಲ ತೇವ, ಬೂಷ್ಟಿನ ವಾಸನೆ. ಹಸಿ ಗಾರೆ ಒಂದು ಕಾರಣ, ಗೋಡೆಯೊಳಗೆ ಪೈಪಿನ ಜಾಯಿಂಟ್ ಸೋರುತ್ತಿದ್ದದ್ದು ಇನ್ನೊಂದು. ಕಂಟ್ರಾಕ್ಟರ್ ಎರಡು ದಿನ ಫೋನ್ ಎತ್ತಿದ, ಆಮೇಲೆ ಅದೂ ಇಲ್ಲ.

ಇಪ್ಪತ್ತು ದಿನದ ಕೂಸು ಮನೆಯಲ್ಲಿ ಇರುವಾಗ ಬೇರೆಯವರನ್ನು ಕರೆಸಿ ಡ್ರಿಲ್ ಹಾಕಿ ಹೊಸ ಟೈಲ್ಸ್ ಒಡೆಸಿದೆವು. ಅಮ್ಮ ಮಗುವನ್ನು ಎತ್ತಿಕೊಂಡು ಹಗಲೆಲ್ಲ ಎದುರು ಮನೆಯಲ್ಲಿ ಕೂರುತ್ತಿದ್ದಳು. ನಾನು ಹಿತ್ತಲ ಹಳೇ ಬಚ್ಚಲಲ್ಲೇ ಹಂಡೆ ನೀರು ಹಾಕಿಸಿಕೊಂಡೆ. ಅದೇ ಬಚ್ಚಲು, ಬಾಣಂತಿಗೆ ದೂರ ಆಗುತ್ತದೆ ಅಂತ ನಾನು ಹಟ ಮಾಡಿದ್ದು.

ನೀವೂ ಈಗ ಆರೇಳು ತಿಂಗಳಲ್ಲಿದ್ದು, ಎಲ್ಲ ಸರಿ ಮಾಡಿಸಿಬಿಡಬೇಕು ಅಂತ ಕೈ ತುರಿಸುತ್ತಿದ್ದರೆ ಬಟ್ಟೆ ಮಡಚಿಡಿ, ಕಪಾಟು ಒರೆಸಿ, ತೊಟ್ಟಿಲಿಗೆ ಹಗ್ಗ ಕಟ್ಟಿಸಿ. ಗೋಡೆ ಮುಟ್ಟಬೇಡಿ. ಮಾಡಿಸಲೇಬೇಕಾದ ಕೆಲಸವಾದರೆ ನೀವು ಬೇರೆ ಕಡೆ ಇರಿ, ಹಳೇ ಬಣ್ಣವನ್ನು ಒದ್ದೆ ಮಾಡಿಯೇ ಉಜ್ಜಿಸಿ, ಪೈಪ್ ಪರೀಕ್ಷೆ ಕಣ್ಣಾರೆ ನೋಡದೆ ಗೋಡೆ ಮುಚ್ಚಲು ಬಿಡಬೇಡಿ, ದುಡ್ಡು ಕೆಲಸ ಆದಷ್ಟೇ ಕೊಡಿ.

ಮಗಳಿಗೆ ಈಗ ಐದು ತಿಂಗಳು, ಹಾಲ್‌ನಲ್ಲಿ ಮಲಗುತ್ತಾಳೆ. ಹಳೇ ಮೇಸ್ತ್ರಿ ಮೊನ್ನೆ ಬಂದು ಗೋಡೆಗೆ ಕೈ ಇಟ್ಟು "ಇನ್ನೊಂದು ಹದಿನೈದು ದಿನ ಬಿಡಿ ಮೇಡಂ" ಅಂದರು. ಒಂದು ತಿಂಗಳೇ ಬಿಡೋಣ ಅಂದೆ.