ಸ್ಟೆಲಾಫೇನೋ, ಓಕಿ-ಟೆಕ್ಸೋ?

ನ್ಯೂಜೆರ್ಸಿಯಲ್ಲಿರುವ ಗೆಳೆಯರೊಬ್ಬರು ಕೇಳಿದರು: ವರ್ಷಕ್ಕೆ ಒಂದೇ ಸ್ಟಾರ್ ಪಾರ್ಟಿಗೆ (ಟೆಲಿಸ್ಕೋಪ್ ಹಿಡಿದು ರಾತ್ರಿ ಆಕಾಶ ನೋಡೋ ಹವ್ಯಾಸಿಗಳ ಕೂಟ) ರಜೆ ಸಿಗುತ್ತೆ, ಸ್ಟೆಲಾಫೇನ್, ಓಕಿ-ಟೆಕ್ಸ್ ಎರಡರಲ್ಲಿ ಎಲ್ಲಿಗೆ ಹೋಗಲಿ?

ಖರ್ಚಿನ ಮಾತಾದರೆ ಸ್ಟೆಲಾಫೇನ್ ಹಗುರ. ವರ್ಮಾಂಟ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ನಿಮ್ಮ ಕಾರೇ ಸಾಕು, ವಾರಾಂತ್ಯದಲ್ಲಿ ಮುಗಿಯುತ್ತೆ. ಓಕಿ-ಟೆಕ್ಸ್ ನಡೆಯೋದು ಓಕ್ಲಹೋಮಾದ ಮೂಲೆಯ ಕೆಂಟನ್ ಹತ್ತಿರ. ವಿಮಾನ, ಆಮೇಲೆ ಗಂಟೆಗಟ್ಟಲೆ ಬಾಡಿಗೆ ಕಾರು. ದೊಡ್ಡ ಟೆಲಿಸ್ಕೋಪ್ ಮನೆಯಲ್ಲೇ ಬಿಡಬೇಕಾಗುತ್ತೆ.

ಕತ್ತಲಿನಲ್ಲಿ ಮಾತ್ರ ಕೆಂಟನ್‌ಗೆ ಸಾಟಿಯಿಲ್ಲ. ಕ್ಷೀರಪಥ ಅಲ್ಲಿ ಮಸುಕು ಪಟ್ಟಿಯಲ್ಲ, ಒಳಗಿನ ಕಪ್ಪು ಸೀಳುಗಳೂ ಬರಿಗಣ್ಣಿಗೆ ಕಾಣುತ್ತವೆ. ಗಾಳಿ ಒಣ. ವರ್ಮಾಂಟ್‌ನ ಬೇಸಿಗೆಯಲ್ಲಿ ನಡುರಾತ್ರಿಗೆಲ್ಲ ಕುರ್ಚಿ, ನಕ್ಷೆ, ಐಪೀಸ್ (ಟೆಲಿಸ್ಕೋಪ್‌ನಲ್ಲಿ ಕಣ್ಣಿಟ್ಟು ನೋಡೋ ಮಸೂರ) ಎಲ್ಲದರ ಮೇಲೂ ಇಬ್ಬನಿ. ಅದನ್ನು ಆರಿಸೋಕೆ ಹೇರ್ ಡ್ರೈಯರ್ ಒಯ್ಯಿರಿ, ನಗಬೇಡಿ. ಮೋಡದ ಕಾಟವೂ ಜಾಸ್ತಿ.

ಆದರೆ ಮೋಡ ಕವಿದರೂ ಸ್ಟೆಲಾಫೇನ್ ಬೇಸರ ತರಿಸುವುದಿಲ್ಲ. 1926ರಲ್ಲಿ ಶುರುವಾದ ಸಮಾವೇಶ ಅದು. ಹಗಲಲ್ಲಿ ಜನ ಕೈಯಾರೆ ಮಾಡಿದ ಟೆಲಿಸ್ಕೋಪ್‌ಗಳನ್ನು ಸ್ಪರ್ಧೆಗೆ ಸಾಲಾಗಿ ಇಡುತ್ತಾರೆ. ಟೆಲಿಸ್ಕೋಪಿನ ಕನ್ನಡಿಯನ್ನು ಉಜ್ಜಿ ಆಕಾರಕ್ಕೆ ತರೋದು ಹೇಗೆ ಅಂತ ಕೇಳಿದರೆ ಸಾಕು, ಒಂದು ಗಂಟೆ ಹೇಳುತ್ತಾರೆ. ಮಕ್ಕಳಿದ್ದರೆ, ಇದೇ ಮೊದಲ ಸಲವಾದರೆ ನಾನು ಇದನ್ನೇ ಹೇಳುವೆ. ಮಂಕು ಗ್ಯಾಲಕ್ಸಿಗಳ ಪಟ್ಟಿ ಹಿಡಿದು ಕೂತವರಿಗೆ, ವಾರದ ರಜೆಯೂ ಇದ್ದರೆ, ಓಕಿ-ಟೆಕ್ಸ್.

ಊರಿಗೆ ಬರುವವರಿದ್ದರೆ ಆಕಾಶ ನೋಡೋಕೆ ಲಡಾಖ್‌ನ ಹಾನ್ಲೆಯೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರೋದು ಅಲ್ಲೇ. ಆದರೆ ಅದು ಸುಮಾರು 4,500 ಮೀಟರ್ ಎತ್ತರ. ಮೊದಲು ಲೇಹ್‌ನಲ್ಲಿ ಕೆಲವು ದಿನ ಸುಮ್ನೆ ಕೂತು ಉಸಿರಾಟಕ್ಕೆ ಒಗ್ಗಿಕೊಳ್ಳಬೇಕು.